ಹದಿನೆಂಟು ವರ್ಷ ದೋಣಿಯೊಡನೆ

ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕಾ, ಕೆನಡಾ ದೇಶಗಳಲ್ಲಿ ನೆಲೆಸಿದ್ದಾರೆ. ಬೇಸಿಗೆಯಲ್ಲಿ ತಂದೆತಾಯಿಗಳು, ಅತ್ತೆಮಾವಂದಿರು ಅಲ್ಲಿಗೆ ಹೋಗಿ ಮೂರು ನಾಲ್ಕು ತಿಂಗಳು ಇದ್ದು ಬರುವುದು ಸಾಮಾನ್ಯ ಸಂಗತಿಯಾಗಿದೆ. ಸರೋವರಗಳ ಸಮೀಪ ಮನೆ ಮಾಡಿರುವವರು ಕಾರು ಕೊಂಡಂತೆಯೇ ಒಂದು ಸಣ್ಣ ಮೋಟಾರು ದೋಣಿಯನ್ನೂ ಕೊಳ್ಳುವುದುಂಟು. ಊರಿನಿಂದ ಬಂದ ಹಿರಿಯರನ್ನು ಅದರಲ್ಲಿ ಕೂರಿಸಿಕೊಂಡು ಸುತ್ತಾಡಿಸಿ ತರುವುದು ಅವರಿಗೊಂದು ಸಂತೋಷ. ಅಂತಹ ಒಂದು ದೋಣಿಯನ್ನು 2003ರಿಂದ 2021ರವರೆಗೆ ನಾನು ಇಟ್ಟುಕೊಂಡಿದ್ದೆ. ಅದರಿಂದ ಪಡೆದ ಸಂತೋಷವನ್ನು ಬಣ್ಣಿಸುವುದಕ್ಕಿಂತ, ಅದನ್ನು ನಡೆಸುವಾಗ ನಾನು ಮಾಡಿದ ತಪ್ಪುಗಳನ್ನು ಹೇಳಿಕೊಳ್ಳುವುದು ಓದುಗ ಬಂಧುಗಳಿಗೆ ಹೆಚ್ಚು ಉಪಯುಕ್ತವಾದೀತೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಖಣ ನೇಯುವ ಊರಾದ ಗುಳೇದಗುಡ್ಡದಲ್ಲಿ. ನಮ್ಮ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಅಪ್ಪ ನೇಯುತ್ತಿದ್ದರು, ಅವ್ವ ನೂಲು ಸುತ್ತಿ ಕೊಡುತ್ತ, ಕಡಿದ ಎಳೆಗಳಿಗೆ ಗಂಟು ಹಾಕುತ್ತ ಪಕ್ಕದಲ್ಲಿಯೇ ಇರುತ್ತಿದ್ದಳು. ನೀರಿನೊಡನೆ ನನಗಿದ್ದ ಪರಿಚಯವೆಂದರೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಊರ ಹೊರಗಿನ ಬಾವಿಯಲ್ಲಿ ಈಜು ಕಲಿತದ್ದು, ಅಷ್ಟೇ. ಇಂಜಿನಿಯರಿಂಗ್ ಓದಿ, ಕಾರಿನ ಬಿಡಿಭಾಗಗಳನ್ನು ತಯಾರಿಸುವ ಕಂಪೆನಿಯೊಂದರಲ್ಲಿ ಕೆಲಸ ದೊರೆತು 1988ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯಕ್ಕೆ ಬಂದೆ. ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಸೇಂಟ್ ಕ್ಲೇರ್ ಸರೋವರ. ಹದಿನೈದು ವರ್ಷ ಅದನ್ನು ದಡದಿಂದಲೇ ನೋಡಿದೆ. 2003ರ ವಸಂತದಲ್ಲಿ ನೆರೆಯ ವೃದ್ಧರೊಬ್ಬರು ತಮ್ಮ 19 ಅಡಿ ಉದ್ದದ ಫೈಬರ್ ಗ್ಲಾಸಿನ ಪೆಟ್ರೋಲ್ ದೋಣಿಯನ್ನು, ಎಳೆಯುವ ಟ್ರೇಲರಿನ ಸಹಿತ, ಕಡಿಮೆ ಬೆಲೆಗೆ ಕೊಡುವೆನೆಂದಾಗ ಮನಸ್ಸು ತಡೆಯಲಿಲ್ಲ. ಯಂತ್ರಗಳ ನಡುವೆಯೇ ಇರುವ ಇಂಜಿನಿಯರನಿಗೆ ಒಂದು ದೋಣಿ ಏನು ಮಹಾ ಎಂಬ ಅಹಂಕಾರವೂ ಇದ್ದಿತೆಂಬುದನ್ನು ಮುಚ್ಚಿಡುವುದಿಲ್ಲ.

ಆ ಅಹಂಕಾರ ಮೊದಲನೆಯ ದಿನವೇ ಇಳಿಯಿತು. ಇಂತಹ ದೋಣಿಗಳ ಹಿಂಬದಿಯ ತಳದಲ್ಲಿ ಒಂದು ತೂತು ಇರುತ್ತದೆ. ದೋಣಿಯನ್ನು ನೆಲದ ಮೇಲೆ ನಿಲ್ಲಿಸಿದಾಗ ಒಳಗೆ ಸೇರಿದ ನೀರು ಹರಿದುಹೋಗಲೆಂದು ಅದನ್ನು ತೆರೆದಿಡುತ್ತಾರೆ. ನೀರಿಗಿಳಿಸುವ ಮೊದಲು ಹಿತ್ತಾಳೆಯ ಬಿರಡೆಯೊಂದನ್ನು ಅದಕ್ಕೆ ತಿರುಗಿಸಿ ಬಿಗಿಯಬೇಕು. ನಾನು ಬಿಗಿಯಲಿಲ್ಲ. ಇಳಿಜಾರಿನಿಂದ ದೋಣಿಯನ್ನು ನೀರಿಗೆ ಬಿಟ್ಟು, ಕಾರನ್ನು ನಿಲ್ಲಿಸಿ ಬರುವಷ್ಟರಲ್ಲಿ ನನ್ನ ಶ್ರೀಮತಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕೂಗುತ್ತಿದ್ದಳು. ಹಿಂದೆ ಸಾಲಿನಲ್ಲಿದ್ದ ಹತ್ತಾರು ಜನ ನಗುತ್ತ ಬಂದು ದೋಣಿಯನ್ನು ಮೇಲಕ್ಕೆಳೆಯಲು ನೆರವಾದರು. ಅಂದು ರಾತ್ರಿ ಆಕೆ ಆ ಬಿರಡೆಯನ್ನು ಗಟ್ಟಿ ದಾರದಿಂದ ದೋಣಿಯ ಕೀಲಿಕೈಗೆ ಕಟ್ಟಿಟ್ಟಳು. ದೋಣಿ ನೆಲದ ಮೇಲಿದ್ದಾಗಲೆಲ್ಲ ಬಿರಡೆ ಇರುವುದು ಕೀಲಿಕೈಯೊಡನೆ. ಬಿರಡೆಯನ್ನು ಬಿಗಿದ ಮೇಲೆಯೇ ಕೀಲಿಕೈ ಕೈಗೆ ಬರುವುದು. ಮುಂದಿನ ಹದಿನೆಂಟು ವರ್ಷ ಆ ತಪ್ಪು ಮರುಕಳಿಸಲಿಲ್ಲ. ಜ್ಞಾಪಕಶಕ್ತಿಯನ್ನು ನಂಬುವುದಕ್ಕಿಂತ ಒಂದು ಮೊಳ ದಾರವನ್ನು ನಂಬುವುದು ಲೇಸೆಂಬುದು ಆಕೆಯ ಅಭಿಪ್ರಾಯ. ಇಂಜಿನಿಯರಿಂಗ್ ಆಕೆ ಓದಿದವಳಲ್ಲ.

ಟ್ರೇಲರನ್ನು ಹಿಂದಕ್ಕೆ ನಡೆಸುವುದು ಇನ್ನೊಂದು ಪರೀಕ್ಷೆ. ಕಾರನ್ನು ಒಂದು ಕಡೆಗೆ ತಿರುಗಿಸಿದರೆ ಅದು ಇನ್ನೊಂದು ಕಡೆಗೆ ಹೊರಳುತ್ತದೆ. ಸ್ಟಿಯರಿಂಗ್ ಚಕ್ರವನ್ನು ಕೆಳಭಾಗದಲ್ಲಿ ಹಿಡಿದುಕೊಂಡು, ಟ್ರೇಲರು ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈಯನ್ನು ಸರಿಸಿದರೆ ಗೊಂದಲವಿರದು. ಭಾನುವಾರದ ಬೆಳಿಗ್ಗೆ ಖಾಲಿ ಬಿದ್ದಿರುವ ಕಚೇರಿಯ ಅಂಗಳದಲ್ಲಿ ಇದನ್ನು ಅಭ್ಯಾಸ ಮಾಡಬೇಕೇ ಹೊರತು ಇಳಿಜಾರಿನಲ್ಲಿ ಸಾಲು ನಿಂತವರ ಮುಂದೆ ಮಾಡಬಾರದು.

ಕಾರು ನಡೆಸಿ ರೂಢಿಯಾದವರಿಗೆ ದೋಣಿಯ ಎರಡು ಗುಣಗಳು ಬೇಗ ಮನದಟ್ಟಾಗುವುದಿಲ್ಲ. ಅದಕ್ಕೆ ಬ್ರೇಕ್ ಇಲ್ಲ. ಮತ್ತು ಅದು ತಿರುಗುವುದು ಹಿಂಬದಿಯಿಂದ. ಮುಂಭಾಗ ಎಡಕ್ಕೆ ತಿರುಗಿತೆಂದರೆ ಹಿಂಭಾಗ ಬಲಕ್ಕೆ ಬೀಸಿಕೊಂಡು ಹೋಗಿರುತ್ತದೆ. ಆದ್ದರಿಂದ ಕಟ್ಟೆಗೆ ಬಂದು ಸೇರುವಾಗ ಗಾಳಿಗೆ ಎದುರಾಗಿ, ಮಗು ಅಂಬೆಗಾಲಿಡುವ ವೇಗದಲ್ಲಿ ಬರಬೇಕು. ದೋಣಿ ಕಟ್ಟೆಗೆ ಬಡಿಯುವಂತೆ ಕಂಡರೆ ಕೈಯನ್ನಾಗಲಿ ಕಾಲನ್ನಾಗಲಿ ನಡುವೆ ಒಡ್ಡಬಾರದು. ನೋಡುವುದಕ್ಕೆ ಹಗುರವಾಗಿ ತೇಲುವ ಅದರ ತೂಕ ಒಂದು ಟನ್ನಿಗೂ ಹೆಚ್ಚು. ಫೈಬರಿನ ಗೀರನ್ನು ತಿದ್ದಬಹುದು, ಮೂಳೆಯ ಮಾತು ಬೇರೆ.

ಪೆಟ್ರೋಲಿನ ವಿಷಯದಲ್ಲಿ ಗೃಹಿಣಿಯರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಡುಗೆಯ ಅನಿಲ ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆಂದೂ, ಕಿಟಕಿ ಬಾಗಿಲು ತೆರೆಯದೆ ಕಡ್ಡಿ ಗೀರಬಾರದೆಂದೂ ಅವರು ಬಲ್ಲರು. ಪೆಟ್ರೋಲಿನ ಆವಿಯೂ ಹಾಗೆಯೇ. ಎಂಜಿನ್ ದೋಣಿಯ ಒಳಗಿರುವಾಗ ಆ ಆವಿ ತಳದಲ್ಲಿ ಕುಳಿತಿರುತ್ತದೆ. ಅದನ್ನು ಹೊರಹಾಕುವ ಫ್ಯಾನನ್ನು ಕನಿಷ್ಠ 4 ನಿಮಿಷ ಓಡಿಸಿ, ಎಂಜಿನ್ನಿನ ಮುಚ್ಚಳವನ್ನೆತ್ತಿ ಮೂಸಿ ನೋಡಿದ ಮೇಲೆಯೇ ಕೀಲಿಕೈ ತಿರುಗಿಸಬೇಕು. ಅವಸರದ ದಿನ ಈ 4 ನಿಮಿಷ ಬಹಳ ದೀರ್ಘವೆನಿಸುತ್ತದೆ. ಗಡಿಯಾರ ನೋಡಿಯೇ ಎಣಿಸಬೇಕು.

ಇಷ್ಟನ್ನು ಎರಡು ಬೇಸಿಗೆಗಳಲ್ಲಿ ಕಲಿತು, ನನಗೆ ಎಲ್ಲವೂ ಬರುತ್ತದೆಂದು ತಿಳಿದಿದ್ದ ಕಾಲದಲ್ಲಿ ನಡೆದ ಸಂಗತಿಯನ್ನು ಈಗ ಹೇಳಬೇಕು.

ಸೇಂಟ್ ಕ್ಲೇರ್ ಸರೋವರದ ವಿಸ್ತಾರ ಸುಮಾರು 430 ಚದರ ಮೈಲಿ. ಅಮೆರಿಕಾ ಮತ್ತು ಕೆನಡಾ ದೇಶಗಳ ಗಡಿ ಅದರ ನಡುವೆ ಹಾದುಹೋಗುತ್ತದೆ. ಆದರೆ ಅದರ ಸರಾಸರಿ ಆಳ ಕೇವಲ 11 ಅಡಿ. ಆಳವಿಲ್ಲದ ನೀರು ನಿರಪಾಯಕರವೆಂದು ಹೊಸಬರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವವಾಗಿ ಗಾಳಿ ಬೀಸಿದಾಗ ಆಳವಾದ ನೀರಿನಲ್ಲಿ ಅಲೆಗಳು ಉದ್ದವಾಗಿ, ದೂರ ದೂರವಾಗಿ ಏಳುತ್ತವೆ. ಆಳವಿಲ್ಲದೆಡೆ ಅವು ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಸಣ್ಣ ದೋಣಿ ಒಂದು ಅಲೆಯಿಂದ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದಿರುತ್ತದೆ. ಸರೋವರದ ನಡುವೆ ಸುಮಾರು 27 ಅಡಿ ಆಳಕ್ಕೆ ಹೂಳು ತೆಗೆದ ಹಡಗುದಾರಿಯೊಂದಿದ್ದು, ಅದಿರು, ಕಲ್ಲಿದ್ದಲು ಹೊತ್ತ ಸಾವಿರ ಅಡಿ ಉದ್ದದ ಹಡಗುಗಳು ಅದರಲ್ಲಿ ಸಾಗುತ್ತವೆ. ಅವು ಥಟ್ಟನೆ ನಿಲ್ಲಲಾರವು, ದಾರಿಯಿಂದ ಪಕ್ಕಕ್ಕೂ ಸರಿಯಲಾರವು.

2005ರ ಜುಲೈ ತಿಂಗಳು. ಅವ್ವ ಊರಿನಿಂದ ಬಂದು ಎರಡು ತಿಂಗಳಾಗಿತ್ತು. ಆಗ ಆಕೆಗೆ ಎಪ್ಪತ್ತರ ವಯಸ್ಸು. ಓಹಿಯೋ ರಾಜ್ಯದಿಂದ ಮಿತ್ರರೊಬ್ಬರು ಪತ್ನಿ ಮತ್ತು ಎಂಟು ವರ್ಷದ ಮಗನೊಡನೆ, ದೋಣಿಯಲ್ಲಿ ಸುತ್ತಬೇಕೆಂದೇ ಬಂದಿದ್ದರು. ಮರುದಿನ ಅವರು ಹಿಂದಿರುಗಬೇಕಾಗಿತ್ತು. ಬೆಳಿಗ್ಗೆ ರೇಡಿಯೋದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆಯೆಂದು ಹೇಳಿದರು. ಇಂದು ಬೇಡವೆಂದು ಶ್ರೀಮತಿ ಒಳಗೆ ಕರೆದು ಹೇಳಿದಳು. ಅಷ್ಟು ದೂರದಿಂದ ಬಂದವರಿಗೆ ಇಲ್ಲವೆನ್ನುವುದು ಹೇಗೆ? ಒಂದು ಗಂಟೆಯೊಳಗೆ ಹಿಂದಿರುಗುತ್ತೇವೆಂದು ಸಮಾಧಾನ ಹೇಳಿ ಹೊರಟೆ. ಆಕೆ ಒಂದು ಷರತ್ತು ಹಾಕಿದಳು. ಆರೂ ಜನ ಲೈಫ್ ಜಾಕೆಟ್ ತೊಟ್ಟೇ ಕೂರಬೇಕು, ಸೀಟಿನ ಕೆಳಗೆ ಇಟ್ಟುಕೊಂಡು ಅಲ್ಲ. ಸೀರೆಯ ಮೇಲೆ ಅದನ್ನು ತೊಡುವುದು ಅವ್ವನಿಗೆ ಮುಜುಗರ. ಪಟ್ಟಿ ಬಿಗಿದರೆ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಎದೆಗೆ ಒತ್ತುತ್ತದೆಂದು ಬೇರೆ. ಸೊಸೆ ಕರಡಿಗೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಪಟ್ಟಿ ಬಿಗಿದಳು. "ಇದೂ ಸ್ವಾರಿ ಬುರಡಿನ ಅಲ್ಲೇನ?" ಎಂದು ಅವ್ವ ನಕ್ಕಳು.

ಸರೋವರದ ಈಶಾನ್ಯಕ್ಕೆ ಸೇಂಟ್ ಕ್ಲೇರ್ ನದಿ ಕವಲು ಕವಲಾಗಿ ಬಂದು ಸೇರುವೆಡೆ ಹುಲ್ಲುದ್ವೀಪಗಳ ನಡುವೆ ತಿಳಿನೀರಿನ ಕೊಲ್ಲಿಯೊಂದಿದೆ. ಅಲ್ಲಿ ನಿಂತು ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಊಟವಾಯಿತು. ಹುಡುಗ ಇನ್ನೊಂದು ಸ್ವಲ್ಪ ಹೊತ್ತು ನೀರಾಡಬೇಕೆಂದ. ಮಿತ್ರರು ಚಹಾ ಬೇಕೆಂದರು. ಹೊರಟಾಗ ಎರಡು ಗಂಟೆ ದಾಟಿತ್ತು. ತೆರೆದ ನೀರಿಗೆ ಬಂದಾಗ ಪಡುವಣ ಆಕಾಶ ಕಾವಲಿಯ ತಳದಂತೆ ಕಪ್ಪಾಗಿತ್ತು.

ಇಲ್ಲಿ ಒಂದು ಉಪಕಥೆ. ನಾನು ಮಿಷಿಗನ್ನಿಗೆ ಬಂದ 1988ರಲ್ಲಿಯೇ ಈ ಸರೋವರದಲ್ಲಿ ಇನ್ನೊಬ್ಬ ಪರದೇಶಿಯೂ ಪತ್ತೆಯಾದ. ಜೀಬ್ರಾ ಮಸೆಲ್ ಎಂಬ ಪಟ್ಟೆಪಟ್ಟೆಯ ಸಣ್ಣ ಚಿಪ್ಪುಜೀವಿ ಅದು. ಯೂರೋಪಿನ ಕಡೆಯಿಂದ ಹಡಗುಗಳು ಸಮತೋಲಕ್ಕಾಗಿ ತುಂಬಿಕೊಂಡು ಬಂದ ನೀರಿನೊಡನೆ ಬಂದು, ಕೆಲವೇ ವರ್ಷಗಳಲ್ಲಿ ಮಹಾಸರೋವರಗಳಲ್ಲೆಲ್ಲ ಹಬ್ಬಿತು. ಅದು ನೀರನ್ನು ಸೋಸಿ ತಿನ್ನುವುದರಿಂದ ಸರೋವರದ ನೀರು ತಿಳಿಯಾಯಿತು. ತಳಕ್ಕೆ ಬಿಸಿಲು ಇಳಿದು ನೀರುಕಳೆ ಹುಲುಸಾಗಿ ಬೆಳೆಯಿತು. ನಮ್ಮ ದೋಣಿಯ ಎಂಜಿನ್ ಸರೋವರದ ನೀರನ್ನೇ ಹೀರಿಕೊಂಡು ತಂಪಾಗುವಂಥದ್ದು. ಗಾಳಿಗೆ ಕಿತ್ತುಬಂದ ಕಳೆ ಆ ಹೀರುವ ಬಾಯಿಯನ್ನು ಮುಚ್ಚಿತು. ಬಿಸಿಯನ್ನು ತೋರಿಸುವ ಮುಳ್ಳು ಏರುತ್ತಿರುವುದನ್ನು ನಾನು ನೋಡಲಿಲ್ಲ, ನೋಡುತ್ತಿದ್ದುದು ಆಕಾಶವನ್ನು. ಎಚ್ಚರಿಕೆಯ ಗಂಟೆ ಕಿರುಚಿದಾಗ ಎಂಜಿನ್ನನ್ನು ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ.

ಎಂಜಿನ್ ನಿಂತ ಕೂಡಲೇ ದೋಣಿ ಅಲೆಗಳಿಗೆ ಅಡ್ಡವಾಗಿ ತಿರುಗಿತು. ಅದು ಅತ್ಯಂತ ಅಪಾಯದ ಸ್ಥಿತಿ. ಲಂಗರು ಹಾಕಿದರೆ ಹಗ್ಗ ಮುಂಭಾಗವನ್ನು ಗಾಳಿಯ ಕಡೆಗೆ ಹಿಡಿದು ನಿಲ್ಲಿಸುತ್ತದೆ. ಹಾಕಿದೆ. ಲಂಗರು ನಿಲ್ಲಲಿಲ್ಲ. ತಳದ ಮಣ್ಣಿನ ಮೇಲೆ ಜಾರುತ್ತ ಜಾರುತ್ತ ನಮ್ಮೊಡನೆ ಬರುತ್ತಿತ್ತು, ಮತ್ತು ನಾವು ಹೋಗುತ್ತಿದ್ದುದು ಹಡಗುದಾರಿಯ ದಿಕ್ಕಿಗೆ.

ಅದು ಏಕೆ ನಿಲ್ಲಲಿಲ್ಲವೆಂಬುದು ನನಗೆ ಆ ಕ್ಷಣದಲ್ಲಿಯೇ ತಿಳಿಯಿತು. ದೋಣಿಯೊಡನೆ ಬಂದಿದ್ದ ಲಂಗರಿನ ಹಗ್ಗ 100 ಅಡಿ ಇದ್ದಿತು. ಹತ್ತು ಹನ್ನೆರಡು ಅಡಿ ನೀರಿಗೆ ಇಷ್ಟುದ್ದದ ಹಗ್ಗವೇಕೆಂದು ಆ ವರ್ಷದ ವಸಂತದಲ್ಲಿ ಅದನ್ನು ಕತ್ತರಿಸಿ, ಕಟ್ಟೆಗೆ ಕಟ್ಟುವ ಹಗ್ಗಗಳನ್ನು ಮಾಡಿಕೊಂಡಿದ್ದೆ. ಹೊಸ ಹಗ್ಗದ ಖರ್ಚು ಉಳಿಯಿತೆಂದು ಹೆಮ್ಮೆಪಟ್ಟಿದ್ದೆ ಸಹ. ಉಳಿದಿದ್ದುದು 40 ಅಡಿ. ಲಂಗರು ಹಿಡಿಯುವುದು ತನ್ನ ಭಾರದಿಂದಲ್ಲ, ನೇಗಿಲಿನಂತೆ ನೆಲವನ್ನು ಕಚ್ಚುವುದರಿಂದ. ಹಗ್ಗ ಉದ್ದವಾಗಿದ್ದರೆ ಎಳೆತ ನೆಲಕ್ಕೆ ಸಮವಾಗಿ ಬಂದು ಲಂಗರು ಇನ್ನಷ್ಟು ಒಳಗಿಳಿಯುತ್ತದೆ. ಗಿಡ್ಡವಾಗಿದ್ದರೆ ಎಳೆತ ಮೇಲ್ಮುಖವಾಗಿ ಅದನ್ನು ಕೀಳುತ್ತದೆ. ಮೇಲಕ್ಕೆತ್ತಿ ಹಿಡಿದ ನೇಗಿಲು ಹೊಲ ಉಳುವುದುಂಟೆ? ನೀರಿನ ಆಳಕ್ಕೆ ದೋಣಿಯ ಮುಂಭಾಗದ ಎತ್ತರವನ್ನು ಕೂಡಿಸಿ, ಅದರ ಏಳು ಪಟ್ಟು ಹಗ್ಗ ಬಿಡಬೇಕೆಂಬುದು ಬಲ್ಲವರ ಲೆಕ್ಕ. 11 ಅಡಿ ನೀರು, 3 ಅಡಿ ಎತ್ತರ, ಒಟ್ಟು 14. ಏಳು ಪಟ್ಟು ಎಂದರೆ 98 ಅಡಿ. ಆ ವೃದ್ಧರು ಲೆಕ್ಕ ಹಾಕಿಯೇ 100 ಅಡಿ ಇಟ್ಟಿದ್ದರು.

ಹುಡುಗನನ್ನು ರಬ್ಬರಿನ ಟ್ಯೂಬಿನ ಮೇಲೆ ಕೂರಿಸಿ ಎಳೆಯಲೆಂದು ತಂದಿದ್ದ 60 ಅಡಿಯ ಹಗ್ಗವೊಂದು ಸೀಟಿನ ಕೆಳಗಿತ್ತು. ಅದರ ಒಂದು ತುದಿಯನ್ನು ದೋಣಿಯ ಮೂತಿಯ ಬಳೆಗೆ ಕಟ್ಟಿ, ಇನ್ನೊಂದು ತುದಿಯನ್ನು ಲಂಗರಿನ ಹಗ್ಗಕ್ಕೆ ಕಟ್ಟಲು ಹೋದೆ. ಅದು ನುಣುಪಾದ ಪ್ಲಾಸ್ಟಿಕ್ ಎಳೆಯ ಹಗ್ಗ. ನನಗೆ ಬರುತ್ತಿದ್ದ ಗಂಟು ಹಾಕಿ ಎಳೆದು ನೋಡಿದರೆ ಜಾರಿ ಬಿಚ್ಚಿಕೊಂಡಿತು. ಮತ್ತೆ ಹಾಕಿದೆ, ಮತ್ತೆ ಬಿಚ್ಚಿತು. ಕೈ ನಡುಗುತ್ತಿತ್ತು. ಅವ್ವ ಮುಂಭಾಗದ ನೆಲದ ಮೇಲೆ ಕುಳಿತಿದ್ದವಳು, "ಇತ್ತ ಕೊಡು ತಮ್ಮಾ" ಎಂದು ಎರಡೂ ತುದಿಗಳನ್ನು ತೆಗೆದುಕೊಂಡಳು. ದಪ್ಪ ಹಗ್ಗವನ್ನು ಮಡಿಚಿ ಕುಣಿಕೆ ಮಾಡಿ, ನುಣುಪು ಹಗ್ಗವನ್ನು ಕೆಳಗಿನಿಂದ ತೂರಿಸಿ, ಕುಣಿಕೆಯ ಹಿಂದಿನಿಂದ ಎರಡು ಬಾರಿ ಸುತ್ತಿ, ತನ್ನದೇ ಎಳೆಯ ಅಡಿಗೆ ಸಿಕ್ಕಿಸಿ ಬಿಗಿದಳು. "ನುಣುಪ ಎಳಿಗೆ ಒಂದ ಸುತ್ತು ಸಾಲೂದಿಲ್ಲ" ಎಂದಳು. ಮಗ್ಗದ ಮುಂದೆ ಐವತ್ತು ವರ್ಷ ಹಾಕಿದ ಗಂಟು. ಕಣ್ಣಿನಿಂದ ನೋಡುತ್ತಲೂ ಇರಲಿಲ್ಲ.

ಹಗ್ಗ ಬಿಟ್ಟೆವು. ಕೆಲವು ಗಜ ಜಾರಿ ಲಂಗರು ಕಚ್ಚಿತು. ದೋಣಿಯ ಮೂತಿ ನಿಧಾನವಾಗಿ ಗಾಳಿಯ ಕಡೆಗೆ ತಿರುಗಿತು.

ಆ ಮೇಲೆ ಅರ್ಧ ಗಂಟೆಯ ಮಳೆ, ಮಿಂಚು. ಎಲ್ಲರೂ ದೋಣಿಯ ನಡುವೆ ತಗ್ಗಾಗಿ ಕುಳಿತೆವು. ಮಿತ್ರರ ಪತ್ನಿ ಮಗನನ್ನು ಅವುಚಿಕೊಂಡು ಕಣ್ಣು ಮುಚ್ಚಿದ್ದರು. ಅವ್ವನ ತುಟಿಗಳು ಷಡಕ್ಷರಿ ಮಂತ್ರವನ್ನು ಜಪಿಸುತ್ತಿದ್ದವು. ಕಣ್ಣು ಮಾತ್ರ ಗಂಟಿನ ಮೇಲೆಯೇ ಇತ್ತು. ನಾನು ಎಣಿಸುತ್ತಿದ್ದುದು ಗಂಟು ಬಿಚ್ಚಿದರೆ ಮುಂದೇನೆಂಬುದನ್ನು. ದೂರದಲ್ಲಿ ಒಂದು ಹಡಗಿನ ಸಿಳ್ಳು ಎರಡು ಸಲ ಕೇಳಿಸಿತು.

ಮಳೆ ನಿಂತ ಮೇಲೆ ಮೀನು ಹಿಡಿಯುವ ಅಮೆರಿಕನ್ನರೊಬ್ಬರು ನಮ್ಮ ದೋಣಿಯನ್ನು ಎಳೆದುಕೊಂಡು ಹೋಗಿ ದಡ ಸೇರಿಸಿದರು. ಹಣ ಮುಟ್ಟಲಿಲ್ಲ. ಲಂಗರನ್ನು ಎತ್ತುವಾಗ ಗಂಟನ್ನು ನೋಡಿ, ಯಾರು ಹಾಕಿದ್ದೆಂದು ಕೇಳಿದರು. ನಾವಿಕರು ಅದನ್ನು ಡಬಲ್ ಶೀಟ್ ಬೆಂಡ್ ಎನ್ನುತ್ತಾರಂತೆ. ಆ ಮೇಲೆ ಗ್ರಂಥಾಲಯದಿಂದ ಗಂಟುಗಳ ಪುಸ್ತಕ ತಂದು ನೋಡಿದಾಗ, ಒಂದೇ ಸುತ್ತಿನ ಆ ಗಂಟಿಗೆ ನೇಕಾರರ ಗಂಟೆಂಬ ಹೆಸರೂ ಇರುವುದು ತಿಳಿಯಿತು.

ಮಿತ್ರರು ನನ್ನನ್ನು ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ತಿಂಡಿ ತಿಂದು ಹೊರಟರು. ಸ್ನೇಹ ಉಳಿದಿದೆ, ಆದರೆ ಆ ತಾಯಿ ಮತ್ತೆಂದೂ ನಮ್ಮ ದೋಣಿ ಹತ್ತಲಿಲ್ಲ, ಮಗನನ್ನೂ ಹತ್ತಿಸಲಿಲ್ಲ. ಅದು ಸರಿಯೇ. ಅವರು ನನ್ನನ್ನು ನಂಬಿ ಮಗುವನ್ನು ಕರೆತಂದಿದ್ದರು, ನಾನು ಅವರ ದಾಕ್ಷಿಣ್ಯಕ್ಕೆ ಆ ಮಗುವನ್ನು ಒಡ್ಡಿದ್ದೆ.

ಆ ರಾತ್ರಿ ನಿದ್ರೆ ಬಾರದೆ ಕುಳಿತಿದ್ದಾಗ ಅವ್ವ ಬಂದು ಒಂದು ಹಳೆಯ ವಿಷಯ ಹೇಳಿದಳು. ಆಕೆ ಎಂಟೊಂಬತ್ತು ವರ್ಷದವಳಿದ್ದಾಗ ಶ್ರಾವಣ ಮಾಸದಲ್ಲಿ ನನ್ನ ಅಜ್ಜನೊಡನೆ ಚಕ್ಕಡಿಯಲ್ಲಿ ಕೂಡಲಸಂಗಮಕ್ಕೆ ಹೋಗಿದ್ದಳಂತೆ. ಸಂಗಮನಾಥನ ದರ್ಶನ ಮಾಡಿಕೊಂಡು, ಕೃಷ್ಣೆಯನ್ನು ದಾಟಿ ಆಚೆಯ ತಂಗಡಗಿಯಲ್ಲಿ ನೀಲಮ್ಮನವರ ಗದ್ದುಗೆಗೆ ಹೋಗಬೇಕೆಂಬುದು ಅಜ್ಜನ ಹರಕೆ. ಹೊಳೆ ತುಂಬಿ ಹರಿಯುತ್ತಿತ್ತು. ಅಂಬಿಗ ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಅದರ ಪಕ್ಕದಲ್ಲಿ ಕುಳಿತುಬಿಟ್ಟಿದ್ದ. ಅಜ್ಜ ಹೆಚ್ಚು ದುಡ್ಡು ಕೊಡುವೆನೆಂದರು, ದೂರದಿಂದ ಬಂದವರೆಂದು ಬೇಡಿಕೊಂಡರು, ಕೊನೆಗೆ ಸಿಟ್ಟಿಗೆದ್ದರು. "ಇವತ್ತ ಹೊಳಿ ಒಲ್ಲೆ ಅಂತೈತ್ರಿ ಯಪ್ಪಾ" ಎಂದನಂತೆ ಅವನು, ಎದ್ದು ನಿಂತು ಕೈ ಮುಗಿದು. ಅವರು ಈ ದಡದಿಂದಲೇ ನಮಸ್ಕರಿಸಿ ಚಕ್ಕಡಿ ಹೂಡಿದರು. ಅಜ್ಜ ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಬಂದರಂತೆ.

ಅವ್ವ ಇಷ್ಟು ಹೇಳಿ ಮಲಗಲು ಹೋದಳು. ನನ್ನನ್ನು ಆಕ್ಷೇಪಿಸುವ ಧಾಟಿಯೇನೂ ಅದರಲ್ಲಿ ಇರಲಿಲ್ಲ. ಹೊಳೆ ಕಂಡು ಹಳೆಯದು ನೆನಪಾಗಿತ್ತು, ಅಷ್ಟೇ. ನಾನು ಬೆಳಗಿನವರೆಗೆ ಆ ಅಂಬಿಗನನ್ನೇ ನೆನೆಯುತ್ತ ಕುಳಿತಿದ್ದೆ. ನಮ್ಮಲ್ಲಿ ಅಂಬಿಗರ ಚೌಡಯ್ಯನವರ ಹೆಸರು ಕೇಳದವರಿಲ್ಲ. ಹನ್ನೆರಡನೆಯ ಶತಮಾನದ ಆ ಶರಣರಿಗೆ ಹುಟ್ಟು ಹಾಕುವುದು ಕಾಯಕವಾಗಿತ್ತು. ನನಗೆ ಅದು ಭಾನುವಾರದ ವಿನೋದ. ಕೂಲಿಗಾಗಿ ದಾಟಿಸುವ ಬಡವನೊಬ್ಬ ಬರಬೇಕಾದ ದುಡ್ಡನ್ನೂ ಬಿಟ್ಟು ಒಲ್ಲೆನೆಂದ. ಯಾವ ನಷ್ಟವೂ ಇಲ್ಲದ ನಾನು ಅನ್ನಲಾರದೆ ಹೋದೆ.

ಒಲ್ಲೆನೆನ್ನುವ ಸಂದರ್ಭ ನನಗೂ 2008ರಲ್ಲಿ ಒದಗಿತು. ನಾಡಿನಿಂದ ಪ್ರವಾಸ ಬಂದಿದ್ದ ಪೂಜ್ಯ ಸ್ವಾಮಿಗಳೊಬ್ಬರು ಒಂದು ಮಧ್ಯಾಹ್ನ ಭಕ್ತರೊಡನೆ ಸರೋವರ ನೋಡಲು ಬಂದರು. 20 ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ ಎಂಬುದನ್ನು ಬರೆದ ಫಲಕವೊಂದನ್ನು ತಯಾರಕರು ಅಂಟಿಸಿರುತ್ತಾರೆ. ಅಲ್ಲಿನ ಕಾನೂನು ಅದು. ನಮ್ಮದರಲ್ಲಿ 7 ಜನ. ದಡದಲ್ಲಿ ನಿಂತಿದ್ದವರು ಹತ್ತು ಜನ. ಎಲ್ಲರಿಗೂ ಸ್ವಾಮಿಗಳೊಡನೆಯೇ ಕೂರುವ ಆಸೆ. ಇಬ್ಬರು ಮೂವರು ಹೆಚ್ಚಾದರೆ ಏನಾಗುತ್ತದೆ, ಗುರುಗಳೇ ಜೊತೆಗಿದ್ದಾರಲ್ಲ ಎಂದು ಒಬ್ಬರು ಹೇಳಿದರು. ನನ್ನ ಬಾಯಿ ಒಣಗಿತು. ಆದರೂ, ನನ್ನನ್ನು ಸೇರಿಸಿ ಏಳೇ ಜನ, ಎರಡು ಸಲ ಹೋಗಿ ಬರೋಣವೆಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಸ್ವಾಮಿಗಳು, ಮೊದಲ ಸಲ ಉಳಿದವರು ಹೋಗಿ ಬರಲಿ, ನಾವು ಇಲ್ಲಿಯೇ ಮರದ ನೆರಳಿನಲ್ಲಿ ಇರುತ್ತೇವೆಂದು ಬೆಂಚಿನ ಮೇಲೆ ಕುಳಿತುಬಿಟ್ಟರು. ಎರಡನೆಯ ಸಲ ಹತ್ತಿದಾಗ, ಕಾವಿಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟನ್ನು ತಾವಾಗಿಯೇ ಕೇಳಿ ತೊಟ್ಟುಕೊಂಡರು.

ಜಾಕೆಟ್ಟಿನ ವಿಷಯ ಬಂದಾಗ ಇನ್ನೊಂದು ಮಾತು. ಅಮೆರಿಕಾದ ತಟರಕ್ಷಣಾ ಪಡೆ ವರ್ಷವರ್ಷವೂ ಪ್ರಕಟಿಸುವ ವರದಿಗಳಲ್ಲಿ, ವಿಹಾರದ ದೋಣಿಗಳಿಂದ ಬಿದ್ದು ನೀರಿನಲ್ಲಿ ಮುಳುಗಿ ಸತ್ತವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಜನ ಜಾಕೆಟ್ ತೊಟ್ಟಿರಲಿಲ್ಲವೆಂದು ಕಾಣುತ್ತದೆ. ಈಜು ಬಲ್ಲೆನೆಂಬ ಧೈರ್ಯ ತಣ್ಣೀರಿನಲ್ಲಿ ನಡೆಯುವುದಿಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಇದನ್ನು 1, 10, 1 ಎಂಬ ಸುಲಭ ಸೂತ್ರದಿಂದ ತಿಳಿಸುತ್ತಾರೆ. ಕೊರೆಯುವ ನೀರಿಗೆ ಬಿದ್ದಾಗ ಏದುಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಹೇಳಿದಂತೆ ಕೇಳುವುದು 10 ನಿಮಿಷ. ಮೈಯ ಕಾವು ಇಳಿದು ಎಚ್ಚರ ತಪ್ಪಲು ಸುಮಾರು 1 ಗಂಟೆ. ಹತ್ತು ನಿಮಿಷದ ಮೇಲೆ ತೇಲಿಸುವುದು ಜಾಕೆಟ್ಟೇ ಹೊರತು ಈಜಲ್ಲ. ಮಿಷಿಗನ್ನಿನಲ್ಲಿ ಮೇ ತಿಂಗಳ ಬಿಸಿಲು ಹಿತವಾಗಿರುತ್ತದೆ, ನೀರು ಮಾತ್ರ ಇನ್ನೂ ಚಳಿಗಾಲದ್ದು. ಹಿರಿಯರಿಗೆ ಸೀರೆಯ ಮೇಲೆ, ಧೋತರದ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲವೆಂಬ ಸಂಕೋಚ ಬೇಡ. ಸೊಸೆ ಮಗಳು ತೊಡಿಸಿದರೆ ತೊಟ್ಟುಕೊಳ್ಳಿ, ತೊಡಿಸದಿದ್ದರೆ ಕೇಳಿ.

2005ರ ನಂತರ ನಮ್ಮ ರೂಢಿಗಳು ಬದಲಾದವು. ಹೊಸ ಹಗ್ಗ ತಂದೆ. ಎಂಜಿನ್ನಿಗೆ ನೀರು ಹೀರಿ ಕೊಡುವ ಪಂಪಿನೊಳಗಿನ ರಬ್ಬರಿನ ರೆಕ್ಕೆಚಕ್ರ ಆ ದಿನ ನೀರಿಲ್ಲದೆ ತಿರುಗಿ ಸುಟ್ಟುಹೋಗಿತ್ತು; ಅಂದಿನಿಂದ ಎರಡು ವರ್ಷಕ್ಕೊಮ್ಮೆ, ಕೆಟ್ಟಿರಲಿ ಬಿಡಲಿ, ಅದನ್ನು ಬದಲಾಯಿಸುತ್ತಿದ್ದೆ. ಟ್ಯಾಂಕಿನ ಪೆಟ್ರೋಲನ್ನು ಮೂರು ಪಾಲು ಮಾಡಿ, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಮುಟ್ಟದೆ ಇಡುವುದಕ್ಕೆ ಎಂದು ನಿಶ್ಚಯಿಸಿದೆವು. ಮೊಬೈಲನ್ನಷ್ಟೇ ನಂಬದೆ ದೋಣಿಗಳ ರೇಡಿಯೋ ಕೊಂಡೆ; ಅದರ 16ನೆಯ ಚಾನೆಲ್ ಆಪತ್ತಿನ ಕರೆಗೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆಂದು ಚೀಟಿ ಬರೆದು ನೆರೆಮನೆಯಲ್ಲಿ ಕೊಟ್ಟು ಹೋಗುವುದನ್ನು ಶ್ರೀಮತಿ ಆರಂಭಿಸಿದಳು. 2021ರಿಂದ ಅಲ್ಲಿ, 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ನಡೆಸುವವನು ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಮಾಡುವ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ ಕಾನೂನು ಬಂದಿದೆ. ನಮ್ಮ ದೋಣಿಯಲ್ಲಿ ಆ ದಾರ ಮೊದಲಿನಿಂದಲೂ ಇತ್ತು, ಬಹಳ ವರ್ಷ ಅದು ಮೊಳೆಗೆ ತೂಗುಬಿದ್ದಿತ್ತು.

ಖರ್ಚಿನ ಬಗ್ಗೆಯೂ ಎಚ್ಚರಿಸಬೇಕು. ಕೊಳ್ಳುವ ಬೆಲೆ ಒಂದು ಭಾಗ ಮಾತ್ರ. ಅಕ್ಟೋಬರ್ ಬಂದೊಡನೆ ಎಂಜಿನ್ನಿನೊಳಗಿನ ನೀರನ್ನೆಲ್ಲ ಬಸಿದು ಚಳಿಗಾಲಕ್ಕೆ ಸಿದ್ಧಗೊಳಿಸಬೇಕು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣವನ್ನೂ ಅದು ಸೀಳಬಲ್ಲದು. 2011ರಲ್ಲಿ ಬಸಿಯುವ ತೂತೊಂದು ತುಕ್ಕಿನಿಂದ ಮುಚ್ಚಿಕೊಂಡಿದ್ದನ್ನು ನಾನು ತಂತಿ ಹಾಕಿ ನೋಡಲಿಲ್ಲ. ವಸಂತದಲ್ಲಿ ಎಂಜಿನ್ನಿನ ಪಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ರಿಪೇರಿಗೆ ಕೊಟ್ಟ ಹಣದಲ್ಲಿ ನಾವಿಬ್ಬರೂ ಊರಿಗೆ ಹೋಗಿ ಬರಬಹುದಾಗಿತ್ತು. ಆ ವರ್ಷ ಹೋಗಲಿಲ್ಲ. ಅವ್ವ 2013ರಲ್ಲಿ ಲಿಂಗೈಕ್ಯಳಾದಳು. ತಪ್ಪಿಹೋದ ಆ ಒಂದು ಬೇಸಿಗೆಯ ಲೆಕ್ಕವನ್ನು ಮನಸ್ಸು ಈಗಲೂ ದೋಣಿಯ ಖಾತೆಯಲ್ಲಿ ಬರೆಯುತ್ತದೆ.

ಮಂಡಿನೋವು ಹೆಚ್ಚಿ ಕಟ್ಟೆಯಿಂದ ದೋಣಿಗೆ ಕಾಲಿಡುವುದೇ ಕಷ್ಟವಾದಾಗ ಅದನ್ನು ಮಾರಲು ನಿಶ್ಚಯಿಸಿದೆ. 2021ರ ಸೆಪ್ಟೆಂಬರಿನಲ್ಲಿ, ಹುಬ್ಬಳ್ಳಿಯ ಕಡೆಯ ಯುವ ದಂಪತಿಗಳು ಬಂದು ಕೊಂಡರು. ನೀರಿನಿಂದ ಎತ್ತಿದ ದೋಣಿಯ ಬಿರಡೆ ತೆಗೆದು ನೀರೆಲ್ಲ ಬಸಿಯದೆ ರಸ್ತೆಗೆ ಒಯ್ಯಬಾರದೆಂದು 2019ರಿಂದ ಮಿಷಿಗನ್ನಿನಲ್ಲಿ ಕಾನೂನಿದೆ. ಆ ಚಿಪ್ಪುಜೀವಿಯಂಥವು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಾರದೆಂದು. ಬಸಿದು ಒರೆಸಿ, ದಾರಕ್ಕೆ ಕಟ್ಟಿದ್ದ ಬಿರಡೆಯೊಡನೆ ಕೀಲಿಕೈಯನ್ನು ಆ ಹೆಣ್ಣುಮಗಳ ಕೈಗೆ ನನ್ನ ಶ್ರೀಮತಿ ಕೊಟ್ಟಳು. ಆ ಹುಡುಗ ಎಂಜಿನ್ನಿನ ಶಕ್ತಿ, ವೇಗ ಎಂದೆಲ್ಲ ವಿಚಾರಿಸುತ್ತಿದ್ದ. ಅವನನ್ನು ಅಂಗಳಕ್ಕೆ ಕರೆದೊಯ್ದು, ಲಂಗರಿನ ಹಗ್ಗವನ್ನು ಪೂರ್ತಿ ಬಿಚ್ಚಿ ಹುಲ್ಲಿನ ಮೇಲೆ ಹಾಸಿ, ಟೇಪು ಹಿಡಿದು ಅವನಿಂದಲೇ ಅಳೆಯಿಸಿದೆ. 100 ಅಡಿ ಇತ್ತು.